ಕೇಳಿ ಹೇಳ್ತೀನಿ ಅನ್ನುತ್ತಿದ್ದವನು

ಮನೆ ಬ್ರೋಕರ್ ಅಂದಮೇಲೆ ಬಾಯಿ ಇರಬೇಕು ಅನ್ನುವುದು ಲೋಕದ ಅಭಿಪ್ರಾಯ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅಂತ ಗಾದೆಯೇ ಇದೆ. ಈ ಮನುಷ್ಯನಿಗೂ ಬಾಯಿ ಇತ್ತು, ಆದರೆ ಅದರಲ್ಲಿ ಒಂದೇ ಮಾತಿತ್ತು. ನಲ್ಲೀಲಿ ದಿನಾ ನೀರು ಬರುತ್ತಾ ಅಂತ ಮನೆ ನೋಡಲು ಬಂದ ಪಾರ್ಟಿ ಕೇಳಿದರೆ, "ಕೇಳಿ ಹೇಳ್ತೀನಿ." ಮೇಲಿನ ಮನೆಯವರು ಜಗಳಗಂಟರಾ ಅಂದರೆ, "ಕೇಳಿ ಹೇಳ್ತೀನಿ." ಗೋಡೆಯ ಮೇಲಿನ ಈ ಕಲೆ ಹಳೆಯದಾ ಹೊಸದಾ ಅಂದರೆ ಬಗ್ಗಿ, ಬೆರಳಲ್ಲಿ ಮುಟ್ಟಿ, ಮೂಸಿ ನೋಡಿ, ಕೊನೆಗೆ ಮತ್ತೆ ಅದೇ ಮಾತು. ಆಫೀಸಿನಲ್ಲಿ ಅವನ ನಿಜವಾದ ಹೆಸರು ಸಂಬಳದ ದಿನ ಬಿಟ್ಟರೆ ಯಾರಿಗೂ ಬೇಕಾಗುತ್ತಿರಲಿಲ್ಲ. "ಏ ಕೇಳಿಹೇಳ್ತೀನಿ, ಟೀ ಕುಡೀತೀಯೇನಯ್ಯಾ? ಅದನ್ನೂ ಯಾರನ್ನಾದ್ರೂ ಕೇಳ್ಬೇಕಾ?" ಅಂತ ಪಕ್ಕದ ಮೇಜಿನವನು ರೇಗಿಸಿದರೆ ಇವನೂ ಜೊತೆಗೆ ನಗುತ್ತಿದ್ದ. ಒಳಗೊಳಗೇ ಚುಚ್ಚುತ್ತಿತ್ತು, ಅದು ಬೇರೆ ವಿಷಯ.

ಆದರೆ ಅದು ಜಾರಿಕೊಳ್ಳುವವನ ಮಾತಲ್ಲ. ಅವನು ನಿಜವಾಗಿಯೂ ಹೋಗಿ ಕೇಳುತ್ತಿದ್ದ. ಮಾರನೆಯ ಬೆಳಿಗ್ಗೆ ಅದೇ ಬೀದಿಗೆ ಹೋಗಿ ನೀರು ಬಿಡುವವನನ್ನು ಹಿಡಿಯುವನು, ಮಹಡಿಯಲ್ಲಿ ಬಟ್ಟೆ ಒಣಹಾಕುವ ಹೆಂಗಸನ್ನು ಮಾತಿಗೆಳೆಯುವನು, ಮೂಲೆ ಅಂಗಡಿಯವನಿಂದ ಸುದ್ದಿ ತೆಗೆಯಲು ಬೇಡದಿದ್ದರೂ ಒಂದು ಬೆಂಕಿಪೊಟ್ಟಣ ಕೊಳ್ಳುವನು. ಮನೆಯಲ್ಲಿ ಬೆಂಕಿಪೊಟ್ಟಣದ ರಾಶಿ ನೋಡಿ ಹೆಂಡತಿ, "ಬೀಡಿ ಸೇದದ ಮನುಷ್ಯನಿಗೆ ಇದೇನು ಶೋಕಿ!" ಅನ್ನುತ್ತಿದ್ದಳು. ಇವನು ವಿಚಾರಿಸಿಕೊಂಡು ಬರುವಷ್ಟರಲ್ಲಿ ಅರ್ಧ ಪಾರ್ಟಿಗಳು ಬೇರೆ ಬ್ರೋಕರನ ಹಿಂದೆ ಹೋಗಿ ಬೇರೆ ಮನೆಗೆ ಅಡ್ವಾನ್ಸ್ ಕೊಟ್ಟಾಗಿರುತ್ತಿತ್ತು. ಉಳಿದ ಅರ್ಧ ಮಾತ್ರ ನಂಟರ ಹಾಗೆ ಗಟ್ಟಿಯಾಗಿ ಉಳಿದುಕೊಂಡರು. ತಮಗೆ ಮನೆ ಕೊಡಿಸಿದವನೇ ಮಗಳಿಗೂ ಕೊಡಿಸಲಿ ಅಂತ ಹುಡುಕಿಕೊಂಡು ಬರುತ್ತಿದ್ದರು.

ಈ ಬುದ್ಧಿ ಅವನಿಗೆ ಬಂದದ್ದು ಅಕ್ಕನಿಂದ. ಅಪ್ಪ ಅಮ್ಮ ಬೇಗ ಹೋಗಿಬಿಟ್ಟ ಮನೆ. ಅಕ್ಕ ಮದುವೆ ಗಿದುವೆ ಅನ್ನದೆ ತಮ್ಮನನ್ನು ಸಾಕಿದಳು. ಅವಳದು ರಫೂ ಕೆಲಸ. ಬಟ್ಟೆ ಸುಟ್ಟಿರಲಿ, ಇಲಿ ಕಡಿದಿರಲಿ, ಮೊಳೆಗೆ ಸಿಕ್ಕಿ ಹರಿದಿರಲಿ, ಅದೇ ಬಣ್ಣದ ಎಳೆ ಹಾಕಿ ತೂತು ಇತ್ತು ಅನ್ನುವುದೇ ತಿಳಿಯದ ಹಾಗೆ ಮುಚ್ಚುವ ಕೆಲಸ. ಹೆಚ್ಚಾಗಿ ಬರುತ್ತಿದ್ದುದು ವಕೀಲರ ಕರಿ ಕೋಟುಗಳು. ಕಪ್ಪು ಬಟ್ಟೆಯ ಮೇಲೆ ಕಪ್ಪು ದಾರ. ಇದಕ್ಕೆ ಬೇಕಾದ್ದು ಹಗಲಿನ ಬೆಳಕು, ಅದೂ ನೇರ ಬಿಸಿಲಲ್ಲ, ಕಿಟಕಿಯಿಂದ ತಣ್ಣಗೆ ಬೀಳುವ ಬೆಳಕು. ಬಂದವರು, "ರಿಪೇರಿ ಮಾಡಿದ್ದು ಗೊತ್ತಾಗುತ್ತಾ?" ಅಂದರೆ ಅಕ್ಕ ಕೋಟನ್ನು ಕಿಟಕಿಗೆ ಹಿಡಿದು, "ನೋಡ್ದೆ ಏನೂ ಹೇಳಲ್ಲ, ನಾಳೆ ಬನ್ನಿ" ಅನ್ನುತ್ತಿದ್ದಳು. ಮೂಲೆಯಲ್ಲಿ ಕೂತು ಪಾಠ ಓದುತ್ತಿದ್ದ ತಮ್ಮನ ಕಿವಿಗೆ ಆ ಮಾತು ವರ್ಷಗಟ್ಟಲೆ ಬಿದ್ದಿತ್ತು.

ಅಕ್ಕ ಬಾಡಿಗೆಗೆ ಇದ್ದ ಕೋಣೆಯನ್ನು ಮಾಲೀಕರು ಬಿಡಿಸಿಕೊಳ್ಳುವ ಹೊತ್ತಿಗೂ ಆಫೀಸಿನಲ್ಲಿ ಗಾಳಿ ಬದಲಾಗುವ ಹೊತ್ತಿಗೂ ಸರಿಹೋಯಿತು. ಇನ್ನೊಬ್ಬರ ಕಿಟಕಿಯ ಹಂಗು ಸಾಕು, ಕೂಡಿಟ್ಟದ್ದರಲ್ಲಿ ಸಣ್ಣದೊಂದು ಸ್ವಂತ ಮನೆ ಮಾಡಿಕೊಳ್ಳುತ್ತೇನೆ ಅಂತ ಅಕ್ಕ ತಮ್ಮನಿಗೆ ಹೇಳಿದಳು. "ಅಡುಗೆಮನೆ ಚಿಕ್ಕದಾದ್ರೂ ಪರವಾಗಿಲ್ಲ. ಮೆಟ್ಟಿಲಿದ್ರೂ ಹತ್ತೀನಿ. ಕಿಟಕಿ ಒಂದು ಸರಿಯಾಗಿರ್ಲಿ ಕಣೋ. ನಂಗೆ ಅನ್ನ ಹಾಕೋದು ಅದೇ."

ಇತ್ತ ಆಫೀಸಿನ ದೊಡ್ಡ ಯಜಮಾನರು ಮಂಡಿನೋವು ಅಂತ ಮನೆ ಹಿಡಿದು, ಮಗ ಕುರ್ಚಿ ಹಿಡಿದಿದ್ದ. ಚಿಕ್ಕ ಯಜಮಾನನಿಗೆ ಎಲ್ಲವೂ ಚಕಚಕ ಆಗಬೇಕು. ಬಂದವನೇ ಗೋಡೆಗೆ ಆಳೆತ್ತರದ ಕನ್ನಡಿ ಹಾಕಿಸಿದ, ಎಲ್ಲರ ಫೋನಿಗೂ ಎಐ ಹಾಕಿಸಿದ, ಕೆಲಸದವರಿಗೆ ಧೈರ್ಯ ಕಲಿಸಲು ಒಬ್ಬ ತರಬೇತಿ ಮೇಡಂ ಅನ್ನು ಕರೆಸಿದ. ಧೈರ್ಯವನ್ನೂ ಟ್ಯೂಷನ್ ಇಟ್ಟು ಕಲಿಸಬಹುದು ಅಂತ ಆ ಆಫೀಸಿಗೆ ಗೊತ್ತಾದದ್ದು ಆವಾಗಲೇ.

ಮೇಡಂ ಕೆಟ್ಟವರೇನಲ್ಲ, ಹೇಳಿದ್ದರಲ್ಲಿ ತಪ್ಪೂ ಇರಲಿಲ್ಲ. ಬೆಳಿಗ್ಗೆ ಕನ್ನಡಿ ಮುಂದೆ ಬೆನ್ನು ನೆಟ್ಟಗೆ ಮಾಡಿ ನಿಲ್ಲಿ, ಎದುರಿನವರ ಕಣ್ಣು ನೋಡಿ ಮಾತಾಡಿ, ಸುಮ್ಮಸುಮ್ಮನೆ ಸಾರಿ ಅನ್ನಬೇಡಿ, ದಿನಕ್ಕೊಬ್ಬ ಹೊಸಬರ ಹತ್ತಿರ ನೀವಾಗಿಯೇ ಮಾತು ಶುರು ಮಾಡಿ ಅಂದರು. ಬಹುಶಃ, ಅನ್ಸುತ್ತೆ, ನೋಡೋಣ ಇಂಥ ಮಾತುಗಳನ್ನು ಬಾಯಿಂದ ಕಿತ್ತು ಹಾಕಿ ಅಂದರು. ಎಐ ಬಗ್ಗೆ ಹೇಳುವಾಗ ಇನ್ನೊಂದು ಮಾತನ್ನೂ ಸೇರಿಸಿದರು: "ಬರೆಯೋ ಕೆಲಸ ಅದಕ್ಕೆ ಕೊಡಿ. ನೋಡೋ ಕೆಲಸ ಕೊಡ್ಬೇಡಿ. ನೀವು ಕಣ್ಣಾರೆ ನೋಡದೇ ಇರೋದನ್ನ ಅದು ಹೇಳಿದ್ರೆ, ಹೋಗಿ ವಿಚಾರಿಸಿ." ಆ ಹೊತ್ತಿಗೆ ಸರಿಯಾಗಿ ಟೀ ಬಂತು. ಕನ್ನಡಿಯ ಮಾತು ಎಲ್ಲರಿಗೂ ನೆನಪುಳಿಯಿತು, ಈ ಮಾತು ಟೀ ಲೋಟದ ಸದ್ದಿನಲ್ಲಿ ಕೊಚ್ಚಿಹೋಯಿತು.

ನಮ್ಮವನು ಶ್ರದ್ಧೆಯಿಂದ ಕಲಿತ. ಬಚ್ಚಲುಮನೆಯ ಕನ್ನಡಿ ಮುಂದೆ ಎದೆಯುಬ್ಬಿಸಿ ನಿಂತು, "ಈ ಮನೆ ನಿಮಗೆ ಹೇಳಿ ಮಾಡಿಸಿದ ಹಾಗಿದೆ" ಅಂತ ದಿನಾ ಅಭ್ಯಾಸ ಮಾಡಿದ. ಹೊರಗೆ ನಿಂತ ಹೆಂಡತಿ, "ಯಾವ ಮನೆ ರೀ? ಬಚ್ಚಲುಮನೇನಾ? ಬೇಗ ಖಾಲಿ ಮಾಡಿ, ನಂಗೂ ಹೊತ್ತಾಯ್ತು" ಅಂತ ಬಾಗಿಲು ಬಡಿಯುತ್ತಿದ್ದಳು. ನಗೆಯ ಮಾತು ಹಾಗಿರಲಿ, ಅವನಿಗೆ ಪ್ರಯೋಜನವಾದದ್ದು ಸುಳ್ಳಲ್ಲ. ಗೂನು ಬಿದ್ದಿದ್ದ ಬೆನ್ನು ಎದ್ದು ನಿಂತಿತು. ಹೊಸಬರನ್ನು ಕಂಡರೆ ಅಂಗೈ ಬೆವರುವುದು ನಿಂತಿತು. ತಾನು ಬೀದಿ ಸುತ್ತಿ ತಂದ ವಿವರಗಳನ್ನು ಎಐಗೆ ಕೊಟ್ಟರೆ ಅದು ಅಂದವಾದ ಜಾಹೀರಾತು ಬರೆದು ಕೊಡುತ್ತಿತ್ತು. ಮನೆ ತೋರಿಸುವ ಮುಂಚೆ ಏನೇನು ವಿಚಾರಿಸಬೇಕು ಅಂತ ಕೇಳಿದರೆ, ಅವನಿಗೇ ಹೊಳೆಯದ ಪ್ರಶ್ನೆಗಳನ್ನೂ ಎತ್ತಿ ಕೊಡುತ್ತಿತ್ತು. ಅಷ್ಟಕ್ಕೇ ನಿಂತಿದ್ದರೆ ಅವನಿಗಿಂತ ಒಳ್ಳೆಯ ಬ್ರೋಕರ್ ಆ ಊರಲ್ಲಿ ಇರುತ್ತಿರಲಿಲ್ಲ.

ಆದರೆ ಚಪ್ಪಾಳೆಯ ರುಚಿ ಹತ್ತಿದವನು ಅಷ್ಟಕ್ಕೇ ನಿಲ್ಲುವುದುಂಟೇ? ಮೂಲೆ ಅಂಗಡಿಯವನನ್ನು ಕೇಳುವ ಬದಲು ಫೋನನ್ನೇ ಕೇಳತೊಡಗಿದ. ಫೋನು ಪಾಪ, ಗೊತ್ತಿದ್ದಷ್ಟು ಹೇಳಿ, "ಇದು ಖಚಿತವಲ್ಲ, ಸಂಬಂಧಪಟ್ಟವರಲ್ಲಿ ವಿಚಾರಿಸಿ" ಅಂತ ಕೊನೆಗೆ ಸೇರಿಸುತ್ತಿತ್ತು. ಇವನಿಗೆ ಅದನ್ನು ಓದಿದರೆ ಮೈ ಉರಿಯುತ್ತಿತ್ತು. ತನ್ನ ಅಡ್ಡಹೆಸರನ್ನು ಫೋನೂ ಕಲಿತುಬಿಟ್ಟಿತೇ ಅನ್ನಿಸುತ್ತಿತ್ತು. ಕಡೆಗೆ ಉಪಾಯ ಸಿಕ್ಕಿತು. ಉತ್ತರ ಬಂದ ಕೂಡಲೆ ಕೆಳಗೆ ಇನ್ನೊಂದು ಸಾಲು ಬರೆಯುವನು: ಅನುಮಾನದ ಮಾತೆಲ್ಲ ತೆಗೆದು ಧೈರ್ಯವಾಗಿ ಹೇಳು. ಅದು ಹೇಳಿದ ಹಾಗೆ ಕೇಳುವ ಕೂಸು. ಅನುಮಾನವನ್ನು ಬೆಣ್ಣೆಯಲ್ಲಿನ ಕೂದಲಿನ ಹಾಗೆ ತೆಗೆದು ಕೊಡುತ್ತಿತ್ತು. ಅದನ್ನು ಇವನು ಕಣ್ಣಲ್ಲಿ ಕಣ್ಣಿಟ್ಟು ಒಪ್ಪಿಸುತ್ತಿದ್ದ. ಒಂದೆರಡು ಸಲ ಅದೃಷ್ಟಕ್ಕೆ ನಿಜವೂ ಆಯಿತು, ಮಾರಾಟವೂ ಆಯಿತು. ಆಫೀಸಿನವರು ಅಡ್ಡಹೆಸರನ್ನು ಮರೆತರು.

ಅಕ್ಕನಿಗೆ ಅಂತ ನೋಡಿದ ಮನೆ ಎರಡನೆಯ ಮಹಡಿಯಲ್ಲಿತ್ತು. ಒಂದು ಕೋಣೆ, ಒಂದು ಅಡುಗೆಮನೆ, ಒಂದು ದೊಡ್ಡ ಕಿಟಕಿ. ಕಿಟಕಿಯಾಚೆ ಹುಲ್ಲು ಬೆಳೆದ ಖಾಲಿ ಸೈಟು, ಅದರಾಚೆ ಬರೀ ಆಕಾಶ. ಅಕ್ಕ ಮನೆ ನೋಡಲಿಲ್ಲ, ನೆಟ್ಟಗೆ ಕಿಟಕಿಗೆ ಹೋದಳು. ಚೀಲದಿಂದ ಒಂದು ಕರಿ ಕೋಟು ತೆಗೆದು ತೊಡೆಯ ಮೇಲೆ ಹರಡಿಕೊಂಡು ನೆಲದ ಮೇಲೇ ಕೂತಳು. ಸೂಜಿಗೆ ಕಪ್ಪು ದಾರ ಪೋಣಿಸಿದಳು. ಒಂದೇ ಸಲಕ್ಕೆ ಹೋಯಿತು. ಅವಳ ಮುಖ ಅರಳಿತು. ಬಾಗಿಲ ಬಳಿ ನಿಂತಿದ್ದ ಚಿಕ್ಕ ಯಜಮಾನ ಮಾತ್ರ ಫೋನು ನೋಡುತ್ತ ಕಾಲು ಕುಣಿಸುತ್ತಿದ್ದ. ಈ ಮನೆಗೆ ಇನ್ನೊಂದು ಪಾರ್ಟಿ ಸಂಜೆ ಬರುವುದಿತ್ತು.

ಅಕ್ಕ ಸೂಜಿಯನ್ನು ಕೋಟಿಗೆ ಚುಚ್ಚಿಟ್ಟು ಕೇಳಿದಳು: "ಪಕ್ಕದ ಸೈಟಲ್ಲಿ ಯಾರಾದ್ರೂ ಮನೆ ಕಟ್ಟಿಬಿಟ್ರೆ?"

ಹಳೆಯ ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತು. ಚಿಕ್ಕ ಯಜಮಾನ ತಲೆಯೆತ್ತಿ ನೋಡಿದ. "ಒಂದ್ನಿಮಿಷ ಬಂದೆ" ಅಂತ ಇವನು ಮೆಟ್ಟಿಲಿಗೆ ಹೋಗಿ ನಿಂತು, ಫೋನಿನಲ್ಲಿದ್ದ ಬಡಾವಣೆಯ ನಕ್ಷೆಯ ಫೋಟೋ ಹಾಕಿ ಎಐಯನ್ನು ಕೇಳಿದ. ಉತ್ತರ ಬಂತು. ಈ ಹಳೆಯ ನಕ್ಷೆಯಲ್ಲಿ ಆ ಜಾಗ ಉದ್ಯಾನಕ್ಕೆ ಮೀಸಲಿದ್ದಂತೆ ಕಾಣುತ್ತದೆ, ಆಮೇಲೆ ಬದಲಾಗಿರಲೂಬಹುದು, ನಗರಸಭೆಯಲ್ಲಿ ವಿಚಾರಿಸದೆ ಖಚಿತವಾಗಿ ಹೇಳಲಾಗುವುದಿಲ್ಲ ಅಂತ ಅದರಲ್ಲಿತ್ತು. ನಗರಸಭೆ ಇದ್ದದ್ದು ಮುಂದಿನ ಬೀದಿಯಲ್ಲಿ. ಅವನ ಬೆರಳು ಮಾತ್ರ ಅಭ್ಯಾಸಬಲದಿಂದ ಆ ಇನ್ನೊಂದು ಸಾಲನ್ನು ಬರೆಯಿತು. ಅನುಮಾನ ತೆಗೆ, ಧೈರ್ಯವಾಗಿ ಹೇಳು.

ಯಾಕೆ ಹಾಗೆ ಮಾಡಿದ? ಕಮಿಷನ್ನಿನ ಆಸೆ ಅಂದರೆ ಅನ್ಯಾಯವಾದೀತು. ಯಜಮಾನನ ಹೆದರಿಕೆ ಸ್ವಲ್ಪ ಇತ್ತು. ಅದಕ್ಕಿಂತ ದೊಡ್ಡದು ಇನ್ನೊಂದು. ಹುಟ್ಟಿದಾಗಿನಿಂದ ಅಕ್ಕ ತನ್ನನ್ನು ಹೆದರುಪುಕ್ಕಲನಾಗಿಯೇ ನೋಡಿದ್ದಾಳೆ ಅಂತ ಅವನ ಎಣಿಕೆ. ಒಂದೇ ಒಂದು ಸಲ ಅವಳ ಮುಂದೆ ಗಂಡಸಿನ ಹಾಗೆ ಬೆನ್ನು ಸೆಟೆಸಿ ನಿಂತು, ತಡವರಿಸದೆ ಒಂದು ಉತ್ತರ ಕೊಡಬೇಕು ಅನ್ನುವ ಆಸೆ. ಇಂಥ ಹಾಳು ಆಸೆಗಳಿಂದಲೇ ಮನೆಗಳು ಮುಳುಗುವುದು.

ಒಳಗೆ ಬಂದು ಅಕ್ಕನ ಕಣ್ಣು ನೋಡಿ ಹೇಳಿದ: "ಅದು ಪಾರ್ಕಿಗೆ ಬಿಟ್ಟಿರೋ ಜಾಗ ಅಕ್ಕಾ. ಅಲ್ಲಿ ಯಾರೂ ಕಟ್ಟೋ ಹಾಗಿಲ್ಲ. ಈ ಕಿಟಕಿಗೆ ಯಾವತ್ತೂ ಬೆಳಕಿರುತ್ತೆ."

ಅಕ್ಕ ಮತ್ತೇನೂ ಕೇಳಲಿಲ್ಲ. ಚಿಕ್ಕ ಯಜಮಾನನ ಕಡೆ ತಿರುಗಿ, "ನಮ್ಮ ಹುಡುಗ ವಿಚಾರಿಸದೆ ಹೌದು ಅನ್ನೋನಲ್ಲ ಸ್ವಾಮಿ. ಅವನು ಹೌದು ಅಂದ್ಮೇಲೆ ಆಯ್ತು, ಬರ್ಕೊಳ್ಳಿ" ಅಂದಳು. ಇಷ್ಟು ವರ್ಷ ಊರೆಲ್ಲ ನಗುತ್ತಿದ್ದ ಅವನ ಅನುಮಾನವೇ ಅಕ್ಕನ ಪಾಲಿಗೆ ಅವನ ಜಾಮೀನಾಗಿತ್ತು. ಅದನ್ನು ಅವನು ಆ ಒಂದು ಮಾತಿನಲ್ಲಿ ಖರ್ಚು ಮಾಡಿಬಿಟ್ಟ.

ಅಕ್ಕ ಮನೆ ಸೇರಿದಳು. ಕೆಲವು ತಿಂಗಳು ಸುಖವಾಗಿಯೇ ಇದ್ದಳು. ಕೆಲಸ ಹೆಚ್ಚು ಒಪ್ಪಿಕೊಂಡಳು. ತಮ್ಮ ಬಂದಾಗಲೆಲ್ಲ ಕಿಟಕಿಯ ಪಕ್ಕದಲ್ಲೇ ಕೂರಿಸಿ ಟೀ ಕೊಟ್ಟಳು. ಆಮೇಲೆ ಒಂದು ಬೆಳಿಗ್ಗೆ ಸೈಟಿನಲ್ಲಿ ಹುಲ್ಲು ಕಡಿದು, ಟೇಪು ಹಿಡಿದು, ಸುಣ್ಣದ ಗೆರೆ ಎಳೆಯುವವರು ಬಂದರು. ಅಕ್ಕ ಫೋನು ಮಾಡಿ, "ಪಾರ್ಕು ಮಾಡ್ತಿದಾರೆ ಕಣೋ, ಬೆಂಚು ಹಾಕ್ತಾರೇನೋ" ಅಂದಳು.

ತಮ್ಮ ಫೋನು ಇಟ್ಟವನೇ ನಗರಸಭೆಗೆ ಓಡಿದ. ಗುಮಾಸ್ತರು ಹೊಸ ನಕ್ಷೆ ಎಳೆದು ಬೆರಳಿಟ್ಟು ತೋರಿಸಿದರು. "ಇದು ಯಾವತ್ತೋ ಬದಲಾಗಿದೆಯಲ್ರೀ. ಖಾಸಗಿ ಸೈಟು. ಮೂರು ಅಂತಸ್ತಿಗೆ ಪರ್ಮಿಷನ್ ಆಗಿದೆ. ಮೊದ್ಲೇ ಬಂದು ಕೇಳಿದ್ರೆ ಹೇಳ್ತಿದ್ವಿ." ಕೇಳಿದ್ದಕ್ಕೂ ಉತ್ತರ ಸಿಕ್ಕಿದ್ದಕ್ಕೂ ಒಂದು ಟೀ ಕುಡಿಯುವಷ್ಟು ಹೊತ್ತೂ ಆಗಲಿಲ್ಲ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರೆ. ಇವನಿಗೆ ಹೊಸ ಬುದ್ಧಿ ಬರಬೇಕಾಗಿರಲಿಲ್ಲ. ಇದ್ದದ್ದನ್ನೇ ಕಳೆದುಕೊಂಡಿದ್ದ.

ಗೋಡೆ ಎದ್ದಿತು. ಮೊದಲು ಕಿಟಕಿಯ ಕೆಳಗಿನ ಅರ್ಧ ಹೋಯಿತು, ಆಮೇಲೆ ಮೇಲಿನ ಅರ್ಧವೂ ಹೋಯಿತು. ಕಿಟಕಿಯಿಂದ ಕೈಚಾಚಿದರೆ ಹಸಿ ಸಿಮೆಂಟು. ಮಟಮಟ ಮಧ್ಯಾಹ್ನ ಮಾತ್ರ ಎರಡು ಗೋಡೆಗಳ ಸಂದಿನಿಂದ ಒಂದಿಷ್ಟು ಬಿಸಿಲು ಇಳಿದು, ಕೋಣೆಯನ್ನೆಲ್ಲ ಒಮ್ಮೆ ಬೆಳಗಿ, ಕೂತವರು ಏಳುವುದರೊಳಗೆ ಹೊರಟುಹೋಗುತ್ತಿತ್ತು. ತಮ್ಮ ಒಳ್ಳೆಯ ಟೇಬಲ್ ಲ್ಯಾಂಪು ತಂದುಕೊಟ್ಟ. ಅಕ್ಕ ಬೇಡ ಅನ್ನಲಿಲ್ಲ. ಆ ದೀಪದಡಿಯಲ್ಲಿ ಒಬ್ಬ ಹಿರಿಯ ವಕೀಲರ ಕೋಟಿಗೆ ರಫೂ ಮಾಡಿದಳು. ವಾರ ಕಳೆಯುವುದರೊಳಗೆ ಅವರು ಕೋಟು ಹಿಡಿದು ಬಂದರು. ದೀಪಕ್ಕೆ ಕಪ್ಪಾಗಿ ಕಂಡಿದ್ದ ದಾರ ಬಿಸಿಲಿಗೆ ಕಡುನೀಲಿಯಾಗಿತ್ತು. ಬೆನ್ನಿನ ನಡುವೆ ನೀಲಿ ತೇಪೆ. "ಕೋರ್ಟಲ್ಲಿ ಎಲ್ಲರೂ ನೋಡಿದ್ರಮ್ಮಾ" ಅಂದರಷ್ಟೇ, ಒಳ್ಳೆಯ ಮನುಷ್ಯರು, ಬೈಯಲಿಲ್ಲ. ಅವರು ಮತ್ತೆ ಬರಲೂ ಇಲ್ಲ. ಅವರ ಹಿಂದೆ ಉಳಿದವರೂ ಒಬ್ಬೊಬ್ಬರಾಗಿ ಕಡಿಮೆಯಾದರು. ಒಂದು ದಿನ ಅಕ್ಕ ದಾರದ ಉಂಡೆಗಳನ್ನೆಲ್ಲ ಡಬ್ಬಿಗೆ ಹಾಕಿ ಅಟ್ಟದ ಮೇಲಿಟ್ಟಳು.

ತಮ್ಮ ಎಲ್ಲವನ್ನೂ ಒಪ್ಪಿಕೊಂಡ. ಮೆಟ್ಟಿಲ ಮೇಲೆ ನಿಂತು ಫೋನಿನಲ್ಲಿ ಏನು ಬರೆದೆ, ಅದು ಮೊದಲು ಏನು ಹೇಳಿತ್ತು, ಆಮೇಲೆ ಏನು ಹೇಳಿಸಿದೆ ಎಲ್ಲವನ್ನೂ ಹೇಳಿ ಅತ್ತ.

"ಗೊತ್ತಿಲ್ಲದೆ ತಪ್ಪು ಹೇಳಿದ್ರೆ ನಂಗೆ ಬೇಜಾರಿರ್ಲಿಲ್ಲ," ಅಂದಳು ಅಕ್ಕ. "ಎಲ್ಲರೂ ತಪ್ಪು ಹೇಳ್ತಾರೆ. ನಿಂಗೆ ಗೊತ್ತಿಲ್ಲ ಅನ್ನೋದು ನಂಗೆ ಗೊತ್ತಾಗ್ದಿರೋ ಹಾಗೆ ಹೇಳಿದೆ ನೋಡು. ಅದು ನಂಗೆ ಅರಗ್ತಿಲ್ಲ ಕಣೋ."

ಅದೇ ತಿಂಗಳು ಆಫೀಸಿನಲ್ಲಿ ಮೀಟಿಂಗ್. ಚಿಕ್ಕ ಯಜಮಾನ ಇವನನ್ನು ಮುಂದೆ ನಿಲ್ಲಿಸಿ ಹೆಗಲ ಮೇಲೆ ಕೈ ಹಾಕಿದ. "ನೋಡಿ, ಹೇಗಿದ್ದವರು ಹೇಗಾದ್ರು! ಸ್ವಂತ ಅಕ್ಕನಿಗೇ ಒಂದೇ ವಿಸಿಟ್ಟಿನಲ್ಲಿ ಮನೆ ಮಾರಿದ್ರು. ಅದು ಕಾನ್ಫಿಡೆನ್ಸ್ ಅಂದ್ರೆ." ಎಲ್ಲರೂ ಚಪ್ಪಾಳೆ ತಟ್ಟಿದರು. ನೆಲ ಬಾಯಿಬಿಟ್ಟರೆ ಇಳಿದುಹೋಗುತ್ತೇನೆ ಅನ್ನಿಸಿತು ಅವನಿಗೆ. ನೆಲ ಬಾಯಿಬಿಡಲಿಲ್ಲ, ಅವನೂ ಬಿಡಲಿಲ್ಲ.

ಬೇಸಿಗೆ ಮುಗಿಯುವ ಹೊತ್ತಿಗೆ ಅಕ್ಕ ಮನೆ ಮಾರಿಬಿಡು ಅಂದಳು. ಬೆಳಕಿರುವ ಒಂದು ಬಾಡಿಗೆ ಕೋಣೆ ಸಿಕ್ಕರೆ ಕೈಕೆಲಸ ಮತ್ತೆ ಹಿಡಿಯಬಹುದು ಅಂತ ಅವಳ ಲೆಕ್ಕ. ಕಣ್ಣು ಇನ್ನೂ ಕೆಲವು ವರ್ಷ ಬಂದೀತು. ತಮ್ಮ ಪಾರ್ಟಿಗಳನ್ನು ಕರೆತಂದ. ಬಾಗಿಲಲ್ಲೇ ನಿಂತು, "ಕತ್ತಲೆ ಇದೆ, ಮೊದ್ಲೇ ಹೇಳ್ತೀನಿ" ಅನ್ನುತ್ತಿದ್ದ. ಈಗ ಅವನಿಗೆ ನಿಜ ಹೇಳುವ ಧೈರ್ಯ ಬಂದಿತ್ತು. ಬಂದವರು ಒಳಗೆ ಇಣುಕಿ, ಗೋಡೆ ನೋಡಿ, ಹಾಗೇ ಹಿಂದಿರುಗುತ್ತಿದ್ದರು. ಅಕ್ಕ ಪ್ರತಿ ಸಲವೂ ಕುರ್ಚಿಯಲ್ಲಿ ಕೂತು ಅವರ ಚಪ್ಪಲಿ ಸದ್ದು ಮೆಟ್ಟಿಲಿಳಿಯುವುದನ್ನು ಕೇಳುತ್ತಿದ್ದಳು. ಅವನ ಸತ್ಯಕ್ಕೂ ಅವಳೇ ಬೆಲೆ ತೆರಬೇಕಾಗಿತ್ತು.

ಒಂದು ದಿನ ಅವಳೇ ಫೋನು ಮಾಡಿದಳು. "ಇನ್ಮೇಲೆ ಯಾರನ್ನ ಕರ್ಕೊಂಡ್ ಬಂದ್ರೂ ಮಟಮಟ ಮಧ್ಯಾಹ್ನ ಕರ್ಕೊಂಡ್ ಬಾ. ಬೇರೆ ಹೊತ್ತಲ್ಲಿ ಬೇಡ. ಬಂದ್ಮೇಲೆ ನೀನು ಬಾಯಿ ಬಿಡ್ಬೇಡ." ಅವನಿಗೆ ಅರ್ಥವಾಯಿತು. ಬೇಡ ಅಕ್ಕಾ ಅನ್ನಬೇಕು ಅಂದುಕೊಂಡ. ಯಾವ ಮುಖ ಇಟ್ಟುಕೊಂಡು ಅನ್ನುವುದು?

ಬಂದವರು ಗಂಡ ಹೆಂಡತಿ. ಹೆಂಡತಿ ಶಾಲೆಯ ಟೀಚರು, ದಪ್ಪ ಗಾಜಿನ ಕನ್ನಡಕ. ಬಾಗಿಲು ತೆರೆದರೆ ಕೋಣೆಯ ತುಂಬ ಬಿಸಿಲು. ಕಿಟಕಿಗೆ ತೆಳು ಬಿಳಿ ಪರದೆ ಬಂದಿತ್ತು, ಹಿಂದಿನ ಗೋಡೆ ಕಾಣುತ್ತಿರಲಿಲ್ಲ. ಅದರ ಪಕ್ಕದಲ್ಲಿ ಅಕ್ಕ ತೊಡೆಯ ಮೇಲೆ ಕರಿ ಕೋಟೊಂದನ್ನು ಹರಡಿಕೊಂಡು ಸೂಜಿ ಹಿಡಿದು ಕೂತಿದ್ದಳು. ಸೂಜಿಯಲ್ಲಿ ದಾರ ಇರಲಿಲ್ಲ. ಅದು ಕಂಡದ್ದು ತಮ್ಮನಿಗೆ ಮಾತ್ರ.

"ಎಷ್ಟು ಚೆನ್ನಾಗಿದೆ ಬೆಳಕು!" ಅಂದಳು ಟೀಚರು. "ಮಕ್ಕಳ ಪೇಪರ್ ತಿದ್ದೋಕೆ ನಂಗೆ ಇಂಥದ್ದೇ ಬೇಕಿತ್ತು. ದಿನಾ ಹೀಗೇ ಇರುತ್ತಾ ಅಮ್ಮಾ?"

ನೋಡದೆ ಒಂದು ಮಾತೂ ಆಡದ ಅಕ್ಕ, ತಲೆಯೆತ್ತಿ, ಬೆನ್ನು ನೆಟ್ಟಗೆ ಮಾಡಿ, ಆ ಹುಡುಗಿಯ ಕನ್ನಡಕದೊಳಗಿನ ಕಣ್ಣು ನೋಡಿದಳು.

"ಬೆಳಗಿಂದ ಸಂಜೆವರ್ಗೂ ಹೀಗೇ ಮಗಳೇ," ಅಂದಳು. "ಕಪ್ಪು ಬಟ್ಟೆ ಮೇಲೆ ಕಪ್ಪು ದಾರದ ಕೆಲಸ ನಂದು. ಬೆಳಕಿಲ್ದಿದ್ರೆ ಇಲ್ಲಿ ಕೂರ್ತಿದ್ನಾ?"

ಒಂದು ಕಡೆಯೂ ತಡವರಿಸಲಿಲ್ಲ. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡು ತಲೆಯಾಡಿಸಿದರು. ನಮಗೆ ಒಪ್ಪಿಗೆ, ಅಡ್ವಾನ್ಸ್ ತರುತ್ತೇವೆ ಅಂದು ನಗುನಗುತ್ತ ಮೆಟ್ಟಿಲಿಳಿದರು. ತಮ್ಮ ಬಾಗಿಲ ಬಳಿಯೇ ನಿಂತಿದ್ದ. ಅವರ ಹಿಂದೆ ಓಡಿಹೋಗಿ ಹೇಳಿಬಿಡಲೇ ಅಂತ ಒಂದು ಕಾಲು ಹೊರಗಿಟ್ಟಿದ್ದ, ಇನ್ನೊಂದು ಏಳಲಿಲ್ಲ. ಅಷ್ಟರಲ್ಲಿ ಬಿಸಿಲು ಕಿಟಕಿ ದಾಟಿತು. ಕೋಣೆ ಮಂಕಾಯಿತು.

ಅಕ್ಕ ಕೋಟನ್ನು ಮಡಿಸಿ ಪಕ್ಕಕ್ಕಿಟ್ಟಳು. ತಮ್ಮನ ಕಡೆ ನೋಡದೆ ಕೇಳಿದಳು:

"ಸರಿಯಾಗಿ ಹೇಳಿದ್ನೇನೋ?"